ನಾನು ಓದದ ಯೂನಿಟ್

ಪರೀಕ್ಷೆಯ ದಿನಗಳಲ್ಲಿ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಎಂದು ಯಾರಾದರೂ ಉಪದೇಶ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೀದರಿನಲ್ಲಿ ನಾನು ಓದಿದ ಕಾಲೇಜಿಗೂ ಅಂಥ ಒಬ್ಬರನ್ನು ಕರೆಸಿದ್ದರು. ಬಿ.ಎಸ್ಸಿ. ಕೊನೆಯ ಸೆಮಿಸ್ಟರ್, ಪರೀಕ್ಷೆಗೆ ಎಂಟೇ ದಿನ, ಮೇ ತಿಂಗಳ ಕೆಟ್ಟ ಬಿಸಿಲು. ಸಭಾಂಗಣದಲ್ಲಿ ತಿರುಗುತ್ತಿದ್ದದ್ದು ಒಂದೇ ಫ್ಯಾನು, ಅದೂ ಅತಿಥಿಗಳ ತಲೆಯ ಮೇಲಿನದು. ಆ ಮನುಷ್ಯ ಮೈಕು ಹಿಡಿದು ವೇದಿಕೆಯ ತುಂಬ ಓಡಾಡುತ್ತ, ಚೆನ್ನಾಗಿ ಮಲಗಿ, ಹಣ್ಣು ತಿನ್ನಿ, ಮನಸ್ಸು ಖುಷಿಯಾಗಿಟ್ಟುಕೊಳ್ಳಿ, ನೀರು ಹೆಚ್ಚು ಕುಡಿಯಿರಿ ಎಂದ. ಕುಡಿಯುತ್ತಿದ್ದೆವಲ್ಲ! ದಾನಿಗಳ ಹೆಸರು ಕೆತ್ತಿಸಿದ್ದ ಫಿಲ್ಟರು ಕೆಟ್ಟು ವರ್ಷವಾಗಿತ್ತು. ಅದರ ಪಕ್ಕದ ನಲ್ಲಿಗೆ ಬರುತ್ತಿದ್ದದ್ದು ಮಾಳಿಗೆಯ ಮೇಲಿನ ಟ್ಯಾಂಕಿನ ನೀರು. ಅದರ ಮುಚ್ಚಳ ಎಂದೋ ಗಾಳಿಗೆ ಹಾರಿ ಹೋಗಿತ್ತು. ಕೊನೆಗೆ ನಾವೆಲ್ಲ ಎದ್ದು ನಿಂತು "ನಾನು ಗೆದ್ದೇ ಗೆಲ್ಲುತ್ತೇನೆ" ಎಂದು ಮೂರು ಸಲ ಕೂಗಬೇಕಾಯಿತು. ನಾನು ಕೂಗಿದೆ. ನನ್ನ ರೂಮಿನ ಗೆಳತಿ ಕೂಗಲಿಲ್ಲ.

"ಇಷ್ಟೊತ್ತಿನಾಗ ಒಂದು ಯೂನಿಟ್ ಮುಗೀತಿತ್ತು ನೋಡು," ಎಂದಳು.

ಅವಳು ಖಟಕ ಚಿಂಚೋಳಿಯವಳು, ನಾನು ಔರಾದಿನವಳು. ಬೀದರಿನ ಚಿದ್ರಿಯಲ್ಲಿ ಒಬ್ಬ ಮುದುಕಿಯ ಮನೆಯ ಮಾಳಿಗೆಯ ಮೇಲೆ ಇಬ್ಬರೂ ಒಂದು ಕೋಣೆ ಹಿಡಿದಿದ್ದೆವು. ಅವಳ ಅಪ್ಪ ಅವ್ವ ಮಂದಿಯ ಹೊಲದಲ್ಲಿ ಕೂಲಿ ಮಾಡುವವರು; ಅವಳನ್ನು ಓದಿಸುತ್ತಿದ್ದವನು ಅಣ್ಣ. ಬೀದರಿನ ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಅವನಿಗೆ ಲಾರಿ ತುಂಬುವ ಕೆಲಸ. ತಿಂಗಳಿಗೊಮ್ಮೆ ಬಂದು ಬಾಗಿಲ ಹೊರಗೇ ನಿಂತು ಮಾತಾಡಿ ಹೋಗುತ್ತಿದ್ದ. ಕೊನೆಯ ಸಲ ಬಂದಾಗ ಅವನು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

"ಎಲ್ಲಾ ಪೇಪರ್ ಒಂದೇ ಸಲಕ್ಕ ಪಾಸಾದ್ರ ಎಂ.ಎಸ್ಸಿ. ಓದಸ್ತೇನಿ. ಒಂದು ಉಳೀತಂದ್ರ ಮತ್ತ ನನಗ ಕೇಳಬ್ಯಾಡ ತಂಗಿ. ನನ್ನ ಬೆನ್ನಿಗೂ ಆಗವಲ್ದು."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಐದು ಸೆಮಿಸ್ಟರ್ ಒಂದೂ ಪೇಪರ್ ಬಿಡದೆ ದಾಟಿ ಬಂದಿದ್ದವಳು, ಅವಳಿಗೇನು ಭಯ? ಭಯ ನನಗಿತ್ತು. ನನ್ನವು ಎರಡು ಹಳೆಯ ಪೇಪರ್ ಬಾಕಿ ಉಳಿದು ಆಗಷ್ಟೇ ಮುಗಿದಿದ್ದವು.

ನಮ್ಮ ಕಡೆ ರೂಮು ಮಾಡಿಕೊಂಡಿದ್ದ ಹುಡುಗಿಯರದು ಒಂದು ಪದ್ಧತಿ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪುಸ್ತಕದ ಒಂದು ಪುಟಕ್ಕೆ ಒಂದು ತಾಸು ಬೇಕು. ಐದೂ ಯೂನಿಟ್ ಒಬ್ಬರೇ ಓದಿ ಮುಗಿಸುವುದು ಆಗದ ಮಾತು. ಅದಕ್ಕೆ ಹಂಚಿಕೊಳ್ಳುವುದು. ನೀನು ಮೂರು ಓದು, ನಾನು ಎರಡು. ಪರೀಕ್ಷೆಯ ಬೆಳಿಗ್ಗೆ ಒಬ್ಬರಿಗೊಬ್ಬರು ಕನ್ನಡದಲ್ಲಿ ಹೇಳಿಕೊಳ್ಳುವುದು, ಇಂಗ್ಲಿಷ್ ಶಬ್ದಗಳನ್ನು ಮಾತ್ರ ಬಾಯಿಪಾಠ ಮಾಡುವುದು. ಇನ್ನೊಬ್ಬಳ ಯೂನಿಟ್ಟನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ನಂಬಿಕೆ ಇಲ್ಲ ಅಂತಾಯಿತಲ್ಲ! ಕಷ್ಟದ ಮೂರನ್ನು ಯಾವಾಗಲೂ ಅವಳೇ ತೆಗೆದುಕೊಳ್ಳುತ್ತಿದ್ದಳು. ನನಗೆ ಸಲೀಸಾದ ಎರಡು.

ಎರಡನೆಯ ಪೇಪರ್ ಮುಗಿಯುವ ಹೊತ್ತಿಗೆ ಅವಳಿಗೆ ಊಟ ಸೇರದಾಯಿತು. ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂರುತ್ತಿದ್ದಳು. ಸಣ್ಣಗೆ ಜ್ವರ, ವಾಂತಿ, ಮೂತ್ರ ಹಳದಿ. ಕೆಳಗಿನ ಮನೆಯ ಮುದುಕಿಗೆ ಹೇಳಿದರೆ, "ಉಷ್ಣ ಆಗ್ಯಾದವಾ, ಸಬ್ಜಾ ಬೀಜ ನೆನಿಹಾಕಿ ಕುಡಿ," ಎಂದಳು. ಬೀದರಿನ ಬೇಸಿಗೆಯಲ್ಲಿ ಎಲ್ಲವೂ ಉಷ್ಣವೇ. ಕಣ್ಣು ಉರಿದರೆ ಉಷ್ಣ, ಹೊಟ್ಟೆ ನೊಂದರೆ ಉಷ್ಣ, ಹುಡುಗಿ ಗೋಡೆ ಹಿಡಿದು ನಡೆದರೂ ಉಷ್ಣ. ನಾನು ಮಜ್ಜಿಗೆ ಮಾಡಿಕೊಟ್ಟೆ, ಮೆಡಿಕಲ್‌ನಿಂದ ಜ್ವರದ ಗುಳಿಗೆ ತಂದುಕೊಟ್ಟೆ. ದಿನಕ್ಕೆ ಮೂರು ಹೊತ್ತು, ಲೆಕ್ಕ ತಪ್ಪದೆ ನುಂಗಿಸಿದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕಾಮಣಿಗೆ, ಅಂದರೆ ಕಾಮಾಲೆಗೆ, ಆ ಗುಳಿಗೆ ಒಳ್ಳೆಯದಲ್ಲ ಎಂಬುದನ್ನು ಆಮೇಲೆ ಡಾಕ್ಟರು ಬೈದು ಹೇಳಿದರಂತೆ.

ಕೊನೆಯ ಪೇಪರ್ ರಸಾಯನಶಾಸ್ತ್ರ. ನಡುವೆ ಎರಡು ದಿನ ಬಿಡುವು. ಮೊದಲನೆಯ ದಿನ ಬೆಳಿಗ್ಗೆ ಅವಳು ಓಢಣಿ ಹೊದ್ದು, ಚಪ್ಪಲಿ ಹಾಕಿಕೊಂಡು ನಿಂತಳು.

"ದವಾಖಾನಿಗಿ ಹೋಗಿ ಬರ್ತೇನಿ. ಜರಾ ಬಾ ಜೋಡಿ."

"ಈಗ? ಅಲ್ಲಿ ಚೀಟಿ ಮಾಡ್ಸಿ ಪಾಳಿ ಹಚ್ಚೋದ್ರಾಗ ದಿನಾ ಹೋಗ್ತದ. ನಿನ್ನ ಮೂರು ಯೂನಿಟ್ ಯಾರು ಓದ್ಬೇಕು? ಪೇಪರ್ ಮುಗೀಲಿ, ನಾನೇ ಕರ್ಕೊಂಡು ಹೋಗ್ತೇನಿ."

ನಿನ್ನ ಮೂರು ಯೂನಿಟ್ ಎಂದೆ ನೋಡಿ. ಅವು ನನಗೂ ಬೇಕಾಗಿದ್ದವು ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಚಪ್ಪಲಿ ಕಳಚಿ ಒಳಗೆ ಬಂದಳು.

ಆ ಎರಡು ದಿನ ಅವಳು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ, ಪುಸ್ತಕವನ್ನು ಗೋಡೆಗೆ ಆನಿಸಿಟ್ಟುಕೊಂಡು ಓದಿದಳು. ನಾನೇನು ಮಾಡಿದೆ? ಪಾಲಿಮರ್‌ಗಳ ಯೂನಿಟ್ ಒಂದನ್ನು ಓದಿ ಮುಗಿಸಿದೆ. ಇನ್ನೊಂದು, ಬಣ್ಣ ಮತ್ತು ಔಷಧಿಗಳ ಯೂನಿಟ್, ಉಳಿದೇ ಹೋಯಿತು. ಫೋನು ಹಿಡಿದು ಮೂಲೆಯಲ್ಲಿ ಕುಳಿತು ಕಡಿಮೆ ವೇಳೆಯಲ್ಲಿ ಹೆಚ್ಚು ಓದುವುದು ಹೇಗೆ, ಪರೀಕ್ಷೆಯ ಭಯ ಗೆಲ್ಲುವುದು ಹೇಗೆ ಎಂಬ ವಿಡಿಯೋಗಳನ್ನು ಒಂದರ ಹಿಂದೊಂದು ನೋಡಿದೆ. ಓದುವುದು ಹೇಗೆಂದು ಕಲಿಯುತ್ತ ಓದುವುದನ್ನೇ ಬಿಟ್ಟ ಶಾಣ್ಯಾಕಿ ನಾನು! ನಡುವೆ ಅವಳು ಒಮ್ಮೆ ಕೇಳಿದಳು, "ನಿಂದ್ ಆಯ್ತೇನು?" "ಆಯ್ತು, ಎರಡೂ ಆದ್ವು," ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಪರೀಕ್ಷೆಯ ಬೆಳಿಗ್ಗೆ ಅವಳು ತನ್ನ ಮೂರೂ ಯೂನಿಟ್ ನನಗೆ ಹೇಳಿಕೊಟ್ಟಳು. ಮಧ್ಯೆ ಎರಡು ಸಲ ಎದ್ದು ಹೋಗಿ ವಾಂತಿ ಮಾಡಿ ಬಂದು, ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದಳು. ನಾನು ಮೊದಲು ಪಾಲಿಮರ್ ಹೇಳಿದೆ. ಅಷ್ಟರಲ್ಲಿ ಹೊರಡುವ ಹೊತ್ತಾಗಿ, ಉಳಿದದ್ದನ್ನು ಆಟೋದಲ್ಲಿ ಹೇಳುವುದೆಂದಾಯಿತು. ಆಟೋದೊಳಗೆ ಬಿಸಿಲು ನೇರ ಅವಳ ಮುಖಕ್ಕೆ ಬಿದ್ದಿತ್ತು. ಅವಳ ಕಣ್ಣಿನ ಬಿಳಿಯ ಭಾಗ ಹಳದಿಯಾಗಿದ್ದದ್ದು ನನಗೆ ಕಾಣಿಸಿತು. ಕಾಣಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಹೂಂ, ಹೇಳು. ಔಷಧಿ," ಎಂದಳು.

ಆಗಲಾದರೂ ನಾನು ಓದಿಲ್ಲ ಎನ್ನಬಹುದಿತ್ತು. ಆ ಯೂನಿಟ್ಟನ್ನು ಬಿಟ್ಟು ಉಳಿದ ನಾಲ್ಕನ್ನು ಅವಳು ಬರೆಯುತ್ತಿದ್ದಳು, ಬರೆದು ಪಾಸಾಗುತ್ತಿದ್ದಳು. ಆದರೆ ನನಗಾಗಿ ಜ್ವರದಲ್ಲಿ ಮೂರು ಯೂನಿಟ್ ಓದಿದವಳ ಮುಖ ನೋಡಿ ಹಾಗೆನ್ನಲು ನಾಚಿಕೆಯಾಯಿತು. ಕ್ಲಾಸಿನಲ್ಲಿ ಅರ್ಧಮರ್ಧ ಕಿವಿಗೆ ಬಿದ್ದದ್ದನ್ನೆಲ್ಲ ಕೂಡಿಸಿ, ಯಾವುದರ ಬಾಲ ಯಾವುದಕ್ಕೋ ಹಚ್ಚಿ, ದೊಡ್ಡ ಪಂಡಿತೆಯ ಹಾಗೆ ಹೇಳುತ್ತ ಹೋದೆ. ಅವಳು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ನಾನು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದಳು.

ಔಷಧಿಯ ಪ್ರಶ್ನೆ ಬಂದೇ ಬಂತು. ನಾನು ಅದನ್ನು ಮುಟ್ಟಲಿಲ್ಲ. ಅವಳ ಮೂರು ಯೂನಿಟ್, ನನ್ನ ಪಾಲಿಮರ್, ಪುಟಗಟ್ಟಲೆ ಬರೆದೆ. ಇನ್ನೂ ಒಂದು ತಾಸು ಇರುವಾಗ ಮುಂದಿನ ಸಾಲಿನಲ್ಲಿ ಬೆಂಚು ಸರಿದ ಸದ್ದಾಯಿತು. ಅವಳು ಬಾಯಿಗೆ ಓಢಣಿ ಒತ್ತಿ ಹಿಡಿದು ಎದ್ದು ಹೋದಳು. ಮತ್ತೆ ಒಳಗೆ ಬರಲಿಲ್ಲ. ನಾನು ತಲೆಯೆತ್ತಿ ನೋಡಿದೆ, ಮತ್ತೆ ತಗ್ಗಿಸಿ ಬರೆದೆ. ಗಂಟೆ ಬಾರಿಸುವವರೆಗೂ ಬರೆದೆ.

ಹೊರಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಯಾರೋ ಅವಳ ತಲೆಗೆ ನೀರು ತಟ್ಟಿದ್ದರು.

"ನಿನ್ನ ಔಷಧಿ ಮೊದಲ ಬರ್ದೆ, ಸಲೀಸಿತ್ತು ಅಂತ. ನಾಕು ಪುಟ ಆಯ್ತು. ಪಾಲಿಮರ್ ಬರ್ದೆ. ನಂದು ಒಂದ್ ಬರ್ಯೋದ್ರಾಗ ಕಣ್ಣಿಗಿ ಕತ್ತಲಿ ಬಂತು ನೋಡು," ಎಂದಳು.

ಅಂದೇ ಅಣ್ಣ ಬಂದು ಅವಳನ್ನು ತಮ್ಮೂರಿಗೆ ಹತ್ತಿರದ ಭಾಲ್ಕಿಯ ಒಂದು ಆಸ್ಪತ್ರೆಗೆ ಸೇರಿಸಿದ. ಕಾಮಣಿ, ಪೂರ ಏರಿಬಿಟ್ಟಿತ್ತು. ಕೆಟ್ಟ ನೀರಿನಿಂದ ಬರುತ್ತದೆ ಎಂದರಂತೆ. ಸಂಜೆ ನಾನೊಬ್ಬಳೇ ಕೋಣೆಯಲ್ಲಿ ಕುಳಿತು ಪುಸ್ತಕ ತೆರೆದು ಔಷಧಿಯ ಯೂನಿಟ್ ಓದಿದೆ. ಆಟೋದಲ್ಲಿ ಹೇಳಿದ್ದರಲ್ಲಿ ಒಂದೇ ಒಂದು ವಾಕ್ಯವೂ ಸರಿಯಿರಲಿಲ್ಲ.

ಫಲಿತಾಂಶ ಬಂತು. ನಾನು ಎಲ್ಲದರಲ್ಲೂ ಪಾಸು. ರಸಾಯನಶಾಸ್ತ್ರದಲ್ಲಿ ನನ್ನ ಮೂರು ವರ್ಷಗಳಲ್ಲೇ ಹೆಚ್ಚಿನ ಅಂಕ. ಅವಳಿಗೆ ಅದೊಂದು ಪೇಪರ್ ಹೋಗಿತ್ತು, ನಾಲ್ಕು ಅಂಕಕ್ಕೆ. ಔಷಧಿಯ ನಾಲ್ಕು ಪುಟಕ್ಕೆ ಹಾಕಿದ ವೇಳೆಯಲ್ಲಿ ಅವಳು ತನ್ನದೊಂದು ಯೂನಿಟ್ ಬರೆದಿದ್ದರೆ ಸಾಕಿತ್ತು. ಫೋನು ಮಾಡಿ, ಉತ್ತರಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕುತ್ತೇನೆ, ಎಲ್ಲಿ ಹೋಗಿದೆ ನೋಡಬೇಕು ಎಂದಳು. ಕಾಪಿ ಬಂದರೆ ಮೊದಲ ನಾಲ್ಕು ಪುಟದ ಮೇಲೆ ಕೆಂಪು ಸೊನ್ನೆ ಕಾಣುತ್ತದೆ. ಪುಸ್ತಕ ತೆಗೆದು ತಾಳೆ ನೋಡಲು ಅವಳಿಗೆ ಎಷ್ಟು ಹೊತ್ತು?

"ಸುಮ್ನ ಯಾಕ ತ್ರಾಸ ತಗೋತಿ? ಆರಾಮಿರಲಿಲ್ಲ, ಹೋಯ್ತು. ಕಾಪಿ ನೋಡಿ ಮನಸಿಗಿ ಇನ್ನಷ್ಟು ಹಚ್ಕೋತಿ. ಆರೋಗ್ಯ ನೋಡ್ಕೋ ಮೊದಲ," ಎಂದೆ.

ಮನಸ್ಸು ಖುಷಿಯಾಗಿಟ್ಟುಕೋ ಎಂದೂ ಹೇಳಿರಬೇಕು, ಆ ಮೈಕಿನವನ ಹಾಗೆ. ಅವಳು ಅರ್ಜಿ ಹಾಕಲಿಲ್ಲ. ಅಣ್ಣ ತಾನು ಆಡಿದ ಮಾತಿನಂತೆಯೇ ನಡೆದ. ಎರಡು ವರ್ಷ ಅವಳು ಅವನು ದುಡಿಯುತ್ತಿದ್ದ ಗೋದಾಮಿನಲ್ಲೇ ಡಬ್ಬಿಗಳಿಗೆ ಚೀಟಿ ಅಂಟಿಸಿದಳು. ಆಮೇಲೆ ಭಾಲ್ಕಿಗೆ ಮದುವೆಯಾಗಿ ಹೋದಳು. ನಾನು ಎಂ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ, ಔರಾದಿನ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ.

ಹೋದ ವರ್ಷ ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ನನ್ನನ್ನು ಗುರುತು ಹಿಡಿದಳು. ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾಳಂತೆ. ಜೊತೆಗಿದ್ದ ಟೀಚರಿಗೆ ನನ್ನನ್ನು ತೋರಿಸಿ, "ನನ್ನ ರೂಮಿನಕಿರಿ, ಎಂ.ಎಸ್ಸಿ. ಓದ್ಯಾಳ. ನಂಗ ಆರಾಮಿಲ್ದಾಗ ಅವ್ವನಂಗ ನೋಡ್ಕೊಂಡಾಳ್ರಿ," ಎಂದಳು. ಹೆಮ್ಮೆಯಿಂದ ಹೇಳಿದಳು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ನನ್ನ ಬಸ್ಸು ಬಂದಿತ್ತು. ಅವಳು ಕೈ ಬಿಡಲಿಲ್ಲ.

"ಅವತ್ತ ಕಾಪಿ ತರ್ಸಬ್ಯಾಡ ಅಂದಿ ನೋಡು, ಖರೇನ ಚಲೋ ಆಯ್ತು. ನಂದು ನಾನೇ ಹಾಳ್ ಮಾಡ್ಕೊಂಡಿದ್ದು ಕಣ್ಣಿಲೆ ನೋಡ್ಬೇಕಾಗ್ತಿತ್ತು. ನಿನ್ನ ಯೂನಿಟ್ ಅಂತೂ ಬರಾಬರ್ ಬರ್ದಿದ್ದೆ."

ನಾನು ಹೌದು ಎಂದೆ.