‘ಜೀವಕ್ಕ ಸಮಾಧಾನಿಲ್ಲ’ ಅಂದರೆ ಏನು?

ನಮ್ಮ ಮನೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ನೆಗಡಿಯಾಗುವುದಿಲ್ಲ, ಹೊಟ್ಟೆ ಕೆಡುವುದಿಲ್ಲ. ಎಲ್ಲರಿಗೂ ಆಗುವುದು ಒಂದೇ: ಜೀವಕ್ಕ ಸಮಾಧಾನಿಲ್ಲ. ಮೈ ಬಿಸಿಯಾದರೂ ಅದೇ ಮಾತು, ರೊಟ್ಟಿ ಒಂದು ಹೆಚ್ಚಾದರೂ ಅದೇ ಮಾತು. ನನ್ನ ತವರು ಲಕ್ಷ್ಮೇಶ್ವರ, ಅಲ್ಲಿಯೂ ಹೀಗೇ ಅನ್ನುತ್ತಿದ್ದರು. ಡಂಬಳ ದಾಟಿ ಒಳಗೆ ಹೊರಳಿದರೆ ಸಿಗುವ ಈ ಊರಿಗೆ ಸೊಸೆಯಾಗಿ ಬಂದ ಮೇಲೂ ಅದನ್ನೇ ಕೇಳಿದೆ. ಹೇಳಿದವರ ಮುಖ ನೋಡಿ ಎಷ್ಟು ಗಾಬರಿಯಾಗಬೇಕೆಂಬುದನ್ನು ನಾವೇ ತಿಳಿದುಕೊಳ್ಳಬೇಕು. ನನಗೆ ಆ ಅಳತೆ ಗೊತ್ತಿಲ್ಲ. ಯಾರು ಹೇಳಿದರೂ ಪೂರ್ತಿ ಗಾಬರಿಯಾಗುವವಳು ನಾನು. ಗಂಡ ಎರಡು ಸಲ ಸೀನಿದರೆ ಮುಂಡರಗಿಗೆ ಹೋಗುವ ಬಸ್ಸಿನ ವೇಳೆ ನೆನಪು ಮಾಡಿಕೊಳ್ಳುತ್ತೇನೆ.

ಅತ್ತೆ ನನಗೆ ತದ್ವಿರುದ್ಧ. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿದ್ದರೂ ಅದು ಪಕ್ಕದ ಮನೆಯವರ ಸಂಗತಿ ಎನ್ನುವ ಹಾಗೆ ಮಾತಾಡುತ್ತಿದ್ದರು. ಅಂಥವರು ಒಂದು ಬೆಳಿಗ್ಗೆ ಹಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು ಎದ್ದು ಬಂದು ಕಟ್ಟೆಯ ಮೇಲೆ ಕೂತರು. “ಯಾಕೋ ಜೀವಕ್ಕ ಸಮಾಧಾನಿಲ್ಲ ನೋಡು” ಅಂದರು. ರೊಟ್ಟಿ ಸೀಯುತ್ತಿತ್ತು. ಅವರು ತಿರುಗಿಯೂ ನೋಡಲಿಲ್ಲ. ನನಗೆ ಅದೇ ಸಾಕಾಯಿತು, ಹಂಚು ಇಳಿಸಿ ಅವರನ್ನು ದವಾಖಾನೆಗೆ ಹೊರಡಿಸಿದೆ.

ಕೊರೊನಾ ಮುಗಿದ ಮೇಲಿನ ಮಾತಿದು. ನಮ್ಮೂರ ಆರೋಗ್ಯ ಉಪಕೇಂದ್ರಕ್ಕೆ ಆಗಷ್ಟೇ ಹೊಸ ಬಣ್ಣ, ಹೊಸ ಹೆಸರು, ಒಂದು ಟ್ಯಾಬ್ ಬಂದಿದ್ದವು. ಆ ಟ್ಯಾಬಿನೊಳಗೆ ಡಾಕ್ಟರು ಬರುತ್ತಿದ್ದರು. ಗದಗ ಜಿಲ್ಲೆಯಾಗುವ ಮೊದಲು ದೊಡ್ಡ ಕಾಯಿಲೆಯೆಂದರೆ ಹುಬ್ಬಳ್ಳಿಗೇ ಹೋಗಬೇಕಿತ್ತಂತೆ. ಈಗ ಡಾಕ್ಟರೇ ನಮ್ಮೂರಿಗೆ, ಅಂಗೈಯಗಲದ ಗಾಜಿನೊಳಗೆ. ನಮಗೆಲ್ಲ ಅದು ಹೆಮ್ಮೆಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಕೇಂದ್ರದ ಸಿಸ್ಟರ್ ವಿಜಯಪುರ ಕಡೆಯ ಹುಡುಗಿ, ಕೆಲಸಕ್ಕೆ ಹೊಸಬಳು. ಅತ್ತೆಯ ಆರೋಗ್ಯ ಕಾರ್ಡಿನ ನಂಬರು ಒತ್ತಿ, ಬಿಪಿ ನೋಡಿ, ಟ್ಯಾಬನ್ನು ಅವರ ಎದುರಿಗೆ ಹಿಡಿದಳು. ಒಳಗೆ ಬಂದವರು ಬೆಂಗಳೂರಿನ ಕಡೆಯ ಎಳೆಯ ಡಾಕ್ಟರು. ಅತ್ತೆ ಸೆರಗು ಸರಿಮಾಡಿಕೊಂಡರು.

“ಏನಾಗ್ತಿದೆ ಅಜ್ಜಿ?”

“ಜೀವಕ್ಕ ಸಮಾಧಾನಿಲ್ರಿ ಸಾಹೇಬ್ರ.”

“ಸಮಾಧಾನ ಇಲ್ವಾ? ಎದೆ ನೋವಿದೆಯಾ?”

“ನೋವೇನಿಲ್ರಿ.”

“ರಾತ್ರಿ ನಿದ್ದೆ ಬರುತ್ತಾ? ಮನೇಲಿ ಏನಾದ್ರೂ ಜಗಳ ಆಯ್ತಾ?”

ಹಿಂದೆ ಸರದಿಯಲ್ಲಿ ಕೂತಿದ್ದ ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಅತ್ತೆಗೆ ಮನೆಯ ಮರ್ಯಾದೆ ಮುಖ್ಯವಾಯಿತು. “ಜಗಳ ಎಲ್ಲೀದ್ರಿ? ನಮ್ಮ ಸೊಸಿ ಭಾಳ ಚೊಲೋ ಆಕಿ. ಬಾಯಿ ಒಂದು ಜೋರ ಐತಿ, ಅಷ್ಟ” ಅಂದರು. ಎಲ್ಲರೂ ನಕ್ಕರು. ಸಿಸ್ಟರ್ ಮಾತ್ರ ನಗಲಿಲ್ಲ. “ಸರ್, ಹಂಗಲ್ಲರಿ, ನಮ್ಮ ಕಡೆ ಹಂಗಂದ್ರ...” ಎಂದು ಶುರುಮಾಡಿದಳು. ಅಷ್ಟರಲ್ಲಿ ಡಾಕ್ಟರ ಮುಖ ಬಾಯಿ ಅರ್ಧ ತೆರೆದುಕೊಂಡೇ ನಿಂತುಬಿಟ್ಟಿತು. ನೆಟ್‌ವರ್ಕ್ ಹೋಗಿತ್ತು. ತಿರುಗಿ ಬಂದಾಗ ಗಾಜಿನಲ್ಲಿ ಡಾಕ್ಟರಿರಲಿಲ್ಲ, ಅವರ ಚೀಟಿ ಬಂದಿತ್ತು. ರೋಗದ ಹೆಸರು: ಆತಂಕ. ಮನಸ್ಸು ತಣ್ಣಗಾಗಲು ಗುಳಿಗೆ, ವಿಶ್ರಾಂತಿ.

ಮನೆಗೆ ಬಂದು ಗುಳಿಗೆ ಕೊಟ್ಟು ಮಲಗಿಸಿದೆ. ಅತ್ತೆ ಮಲಗಲಿಲ್ಲ. ಏಳುವರು, ಕೂಡುವರು, ಮತ್ತೆ ಏಳುವರು. ಚಳಿಗಾಲದಲ್ಲೂ ಬೆವರಿಗೆ ಕುಪ್ಪಸದ ಬೆನ್ನು ಒದ್ದೆಯಾಗಿತ್ತು. ಹಿಟ್ಟಿನ ಗಿರಣಿಯಿಂದ ಊಟಕ್ಕೆ ಬಂದ ಗಂಡನಿಗೆ ಹೇಳಿದೆ. “ಡಾಕ್ಟರ್ ನೋಡ್ಯಾರಲ್ಲ. ಗುಳಿಗಿ ತಗೊಂಡಾಳ, ತಡಿ ಸ್ವಲ್ಪ. ನಿಂದು ಯಾವಾಗ್ಲೂ ಇದ ಹಾಡು” ಅಂದರು. ಅವರ ತಪ್ಪೇನು? ನನಗೂ ಹಾಗೇ ಅನ್ನಿಸುತ್ತಿತ್ತು. ಡಾಕ್ಟರ ಹೆಸರು, ಸಹಿ ಸಮೇತ ಫೋನಿಗೆ ಬಂದ ಚೀಟಿಯನ್ನು ತೆಗೆದು ತೆಗೆದು ನೋಡಿದೆ. ಇಷ್ಟು ಚಂದಾಗಿ ಬಂದದ್ದು ತಪ್ಪಿರುತ್ತದೆಯೇ? ಮತ್ತೆ ಅತ್ತೆಯ ಮುಖ ನೋಡಿದೆ. ತುಟಿಯ ಬಣ್ಣ ಹೋಗಿತ್ತು. ಚೀಟಿ ಸರಿಯೋ ಮುಖ ಸರಿಯೋ ಎಂದು ಕೂತು ಯೋಚಿಸುವ ತಾಳ್ಮೆ ನನಗಿಲ್ಲ. ಹಾದಿಯಲ್ಲಿ ಹೊರಟಿದ್ದ ಟಂಟಂ ಆಟೊ ನಿಲ್ಲಿಸಿ, ಅತ್ತೆಯನ್ನು ಹತ್ತಿಸಿಕೊಂಡು ಮತ್ತೆ ಕೇಂದ್ರಕ್ಕೆ ಹೋದೆ.

ಅಲ್ಲಿ ಯಾರು ಖಾಲಿ ಇರುತ್ತಾರೋ ಆ ಡಾಕ್ಟರೇ ಗಾಜಿನೊಳಗೆ ಬರುವುದು. ಈ ಸಲ ಹೆಣ್ಣುಮಗಳು. ಮಾತು ಕೇಳಿದರೆ ಅವರೂ ನಮ್ಮ ಕಡೆಯವರಲ್ಲ. ಅತ್ತೆಯ ಮುಖ ನೋಡುವ ಮೊದಲು ಅವರ ಕಣ್ಣು ಮತ್ತೆಲ್ಲೋ ಓದುತ್ತಿತ್ತು.

“ಬೆಳಿಗ್ಗೆ ತೋರಿಸಿದ್ದೀರಲ್ಲಮ್ಮ. ಆತಂಕ ಅಂತ ಇದೆ. ಮಾತ್ರೆನೂ ಕೊಟ್ಟಿದ್ದಾರೆ.”

ಅಷ್ಟೇ ಅಂದದ್ದು. ನನಗೆ ಮಾತ್ರ ಬಾಗಿಲು ಹಾಕಿದಂತಾಯಿತು. ನಾವು ಬಾಯಿ ತೆರೆಯುವ ಮೊದಲೇ ಬೆಳಗಿನ ಆ ಒಂದು ಶಬ್ದ ನಮ್ಮ ಮುಂದೆ ಹೋಗಿ ಕೂತಿತ್ತು. ನಾನು ಸಿಸ್ಟರ್ ಕೈಯಿಂದ ಟ್ಯಾಬ್ ಕಸಿದುಕೊಂಡೆ.

“ಆತಂಕ ಇರೂದು ನನಗರಿ! ಅವರಿಗಲ್ಲ. ಅವರ ಜೀವಕ್ಕ ಸಮಾಧಾನಿಲ್ಲ, ಬೆಳಗಿಂದ ಅದನ್ನ ಹೇಳಾಕ ಹತ್ತೇವಿ!”

ಡಾಕ್ಟರು ಸಿಟ್ಟಾಗಲಿಲ್ಲ. ಓದುತ್ತಿದ್ದುದನ್ನು ಬಿಟ್ಟು ನನ್ನನ್ನೇ ನೋಡಿ ಕೇಳಿದರು: “ಹಾಗಂದ್ರೆ ಏನು?”

ಹುಟ್ಟಿದಾಗಿನಿಂದ ನಾನೇ ಆಡಿದ ಮಾತು. ನೀರು ಅಂದರೆ ಏನು ಎಂದು ಕೇಳಿದರೆ ಏನು ಹೇಳುವುದು? ಈ ಕಡೆ ಅತ್ತೆ ಏದುಸಿರು ಬಿಡುತ್ತಿದ್ದಾರೆ, ಆ ಕಡೆ ನೆಟ್‌ವರ್ಕಿನ ಗುರುತು ಒಂದೊಂದೇ ಗೆರೆ ಇಳಿಯುತ್ತಿದೆ. ಟ್ಯಾಬನ್ನು ಅತ್ತೆಯ ಕಡೆ ತಿರುಗಿಸಿ, “ಅತ್ತೀ, ಹಂಗಂದ್ರ ಏನ್ರಿ? ಹೇಳ್ರಿ ಅವರಿಗೆ” ಅಂದೆ.

ಅತ್ತೆಯನ್ನೂ ಯಾರೂ ಎಂದೂ ಕೇಳಿರಲಿಲ್ಲ. ತಡೆತಡೆದು ಹೇಳಿದರು. “ಕುಂತ್ರ ಏಳಬೇಕನಸತೈತ್ರಿ, ಎದ್ರ ಕುಂಡ್ರಬೇಕನಸತೈತಿ. ಉಸರು ಅರ್ಧಕ್ಕ ನಿಂತಂಗ ಆಗತೈತಿ. ಮೈ ತಣ್ಣಗ ಬೆವರತೈತಿ.” ಆಮೇಲೆ ನನ್ನನ್ನು ನೋಡದೆ, ಗಾಜಿನೊಳಗಿದ್ದ ಆ ಪರವೂರಿನ ಹೆಣ್ಣುಮಗಳಿಗಷ್ಟೇ ಹೇಳುವಂತೆ ಅಂದರು: “ಯಾಕೋ ಹೊಂಟೀನಿ ಅನಸತೈತ್ರಿ ಯವ್ವಾ.”

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಸಿಸ್ಟರ್‌ಗೆ ಒಂದು ಗುಳಿಗೆಯ ಹೆಸರು ಹೇಳಿ ಅಗಿಯಲು ಕೊಡಿಸಿದರು, ಆಂಬ್ಯುಲೆನ್ಸ್ ಕರೆಸಿದರು. ಅದು ಬರುವವರೆಗೂ ಗಾಜು ಬಿಟ್ಟು ಕದಲಲಿಲ್ಲ.

ಗದಗಿನಲ್ಲಿ ಎದೆಯ ಇಸಿಜಿ ಪಟ್ಟಿ ತೆಗೆದು ನೋಡಿದರು. ಹೃದಯಾಘಾತ, ಬೆಳಿಗ್ಗೆಯೇ ಶುರುವಾಗಿತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲವಂತೆ. ಇನ್ನಷ್ಟು ತಡವಾಗಿದ್ದರೆ ಅನ್ನುವ ಮಾತನ್ನು ಅಲ್ಲಿಯ ಡಾಕ್ಟರು ಅರ್ಧಕ್ಕೇ ಬಿಟ್ಟರು. ಉಳಿದರ್ಧ ಇಂದಿಗೂ ನನ್ನ ತಲೆಯಲ್ಲಿದೆ. ಗಂಡ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತರು.

ಟ್ಯಾಬನ್ನು ಬೈಯಲು ನನಗೆ ಬಾಯಿಲ್ಲ. ಬೆಳಗಿನ ಡಾಕ್ಟರು ಬಂದದ್ದು ಅದರಿಂದ, ಮಧ್ಯಾಹ್ನದ ಡಾಕ್ಟರು ಬಂದದ್ದೂ ಅದರಿಂದಲೇ. ನನಗೆ ಚುಚ್ಚಿದ್ದು ಆ ಒಂದು ಶಬ್ದ. ಮನೆಗೆ ಕಳಿಸುವ ದಿನ ಕಂಪ್ಯೂಟರ್ ಮುಂದೆ ಕೂತಿದ್ದವರಿಗೆ ಅದನ್ನು ಅಳಿಸಲು ಕೇಳಿಕೊಂಡೆ. “ಹಳೇದು ಅಳಸಾಕ ಬರೂದಿಲ್ರಿ ಅಕ್ಕಾರ, ಹೊಸಾದು ಸೇರಸಾಕ ಅಷ್ಟ ಬರತೈತಿ” ಅಂದರು. ಇನ್ನು ಯಾವ ಊರಿನ ಯಾವ ಡಾಕ್ಟರು ಅತ್ತೆಯ ಕಾರ್ಡಿನ ನಂಬರು ಒತ್ತಿದರೂ ಕಾಣುವ ಸಾಲುಗಳಲ್ಲಿ ಅದೂ ಒಂದು.

ಇದೆಲ್ಲ ಕೇಳಿಸಿಕೊಂಡ ಅತ್ತೆ, “ಆತಂಕ ಅಂದ್ರೇನು?” ಅಂದರು. ಚಿಂತಿ ಅಂದೆ. “ಚಿಂತಿ? ನಾ ಯಾವಾಗ ಮಾಡೀನಿ? ಅದು ನಿಂದು. ಇರಲಿ ಬಿಡು, ನನ್ನ ಹೆಸರಿಲೆ ಇರಲಿ” ಎಂದು ನಕ್ಕರು. ನಾನೂ ನಕ್ಕೆ, ಆಮೇಲೆ ಮುಖ ಆ ಕಡೆ ಮಾಡಿ ಕಣ್ಣೊರೆಸಿಕೊಂಡೆ.

ಆದರೆ ಅಳಿಸಲು ಬರುವುದಿಲ್ಲ ಎಂಬ ಮಾತನ್ನು ಅವರು ಅಷ್ಟು ಹಗುರಾಗಿ ತೆಗೆದುಕೊಂಡಿರಲಿಲ್ಲ. ಅಂದಿನಿಂದ ಜೀವಕ್ಕ ಸಮಾಧಾನಿಲ್ಲ ಅನ್ನುವುದನ್ನೇ ಬಿಟ್ಟರು. ನನ್ನ ಮುಂದೆಯೂ ಇಲ್ಲ, ಮಗನ ಮುಂದೆಯೂ ಇಲ್ಲ. ಏನಾದರೂ ಅಂದರೆ ಯಾರೋ ಬರೆದುಕೊಳ್ಳುತ್ತಾರೆ, ಬರೆದದ್ದು ಹೋಗುವುದಿಲ್ಲ ಎಂಬುದೊಂದು ತಲೆಯಲ್ಲಿ ಕೂತಿದೆ. ತಿಂಗಳ ತಪಾಸಣೆಗೆ ಕರೆದುಕೊಂಡು ಹೋದರೆ, ಗಾಜಿನೊಳಗಿನವರು ಕೇಳುವ ಮೊದಲೇ, ಎಲ್ಲಿ ಕಲಿತರೋ, ಆ ಡಾಕ್ಟರುಗಳದೇ ಕನ್ನಡದಲ್ಲಿ, “ಚೆನ್ನಾಗಿದ್ದೀನಿ ಡಾಕ್ಟ್ರೇ” ಅನ್ನುತ್ತಾರೆ. ಡಾಕ್ಟರಿಗೆ ಖುಷಿ, ಬರೆದುಕೊಳ್ಳುತ್ತಾರೆ. ನಾನು ಹಿಂದೆ ನಿಂತು, ಬೆವರಿದೆಯೇ ಎಂದು ಮೆಲ್ಲಗೆ ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ನೋಡುತ್ತೇನೆ. ಹೋದ ತಿಂಗಳು ಕುಪ್ಪಸ ಒಣಗಿತ್ತು.