ತಲೆಕೆಳಗಾದ ನೀಲಿ

ಮದ್ದೂರಿನ ಲಾರಿ ಸ್ಟ್ಯಾಂಡಿನ ಪಕ್ಕದಲ್ಲಿ ಲಾರಿಗಳಿಗೆ ಬಣ್ಣ ಬರೆಯುವ ಇಸಾಕನದೊಂದು ತಗಡಿನ ಅಂಗಡಿ. ಎಪ್ಪತ್ನಾಲ್ಕರ ಆ ಕಾಲದಲ್ಲಿ ಮೈಸೂರು ರಸ್ತೆಯ ಅರ್ಧ ಲಾರಿಗಳ ನಂಬರು, ಹಿಂಬದಿಯ ನವಿಲು ಎಲ್ಲ ಅವನ ಕೈಯದೇ. ಹಾಗೆಂದು ಹೇಳುತ್ತಿದ್ದವನೂ ಅವನೊಬ್ಬನೇ.

ಡಬ್ಬಿಯ ತಳದಲ್ಲಿ ಉಳಿದ ಬಣ್ಣ ಚೆಲ್ಲಲು ಮನಸ್ಸು ಬಾರದೆ, ಹಳೆಯ ಮದುವೆ ಕಾರ್ಡುಗಳ ಹಿಂಬದಿಗೆ ಬಳಿಯುವುದು ಅವನ ಅಭ್ಯಾಸ. ಒಂದು ಪಟ್ಟಿ, ಒಂದು ಮಚ್ಚೆ, ಅಡ್ಡಲಾಗಿ ಒಂದು ಗೀಟು. ಅದು ಮರವೂ ಅಲ್ಲ, ಮನೆಯೂ ಅಲ್ಲ. ನವಿಲಿನ ಕತ್ತು ಸೊಟ್ಟಗಾದರೆ ಲಾರಿಯವರು ಜಗಳಕ್ಕೆ ಬರುತ್ತಿದ್ದರು. ಇಲ್ಲಿ ಕೇಳುವವರೇ ಇಲ್ಲ. ಆ ಅರ್ಧ ಗಂಟೆ ಅವನಿಗೆ ಬೀಡಿಯೂ ನೆನಪಾಗುತ್ತಿರಲಿಲ್ಲ.

ಆದರೂ ಒಬ್ಬರಾದರೂ ನೋಡಿ ಮೆಚ್ಚಲಿ ಎಂಬ ಆಸೆ. ಹೆಂಡತಿ ಮಹಮೂದಾ ಆ ಕಾರ್ಡುಗಳನ್ನು ಒಲೆ ಹಚ್ಚಲು ಒಯ್ಯುತ್ತಿದ್ದಳು. ಬೇರೆ ಯಾರಾದರೂ ಇದೇನೆಂದು ಕೇಳಿದರೆ ತಾನೇ ಮೊದಲು ನಕ್ಕು, “ಏನೂ ಅಲ್ಲ ಬುಡಿ” ಎನ್ನುತ್ತಿದ್ದ.

ಒಂದು ದಿನ ಕಬ್ಬಿನ ಲಾರಿಯ ಶಿವಣ್ಣ ಒಂದು ಕಾರ್ಡನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದ. “ಇದ್ನ ತಕ್ಕೊಂಡೋಯ್ತೀನಿ ಕಣ್ಲಾ” ಎಂದ. ಇಸಾಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತನ್ನ ಕಲೆಯನ್ನು ಬಲ್ಲವನೊಬ್ಬ ಸಿಕ್ಕನೆಂದು ಎರಡು ದಿನ ಮಹಮೂದಾಳ ತಲೆ ತಿಂದ.

ಮೂರನೆಯ ದಿನ ಶಿವಣ್ಣ ಕಾರ್ಡು ಹಿಡಿದುಕೊಂಡೇ ಬಂದ. “ಮಂಡ್ಯದ ಪೇಂಟ್ ಅಂಗ್ಡಿಗೆಲ್ಲಾ ತೋರಿಸ್ದೆ ಕಣ್ಲಾ. ಈ ನೀಲಿ ಎಲ್ಲೂ ಇಲ್ವಂತೆ. ನನ್ನ ಬಾನೆಟ್ಟಿಗೆ ಇದೇ ಬೇಕು, ನೀನೇ ಕಲಸ್ಕೊಡು.”

ತನ್ನ ಕಲಾರಸಿಕ ನೋಡಿದ್ದು ಬಾನೆಟ್ಟಿನ ಬಣ್ಣವನ್ನು! ಇಸಾಕನಿಗೆ ತನ್ನ ಮೇಲೆಯೇ ನಗು ಬಂತು. ಒಂದು ವಾರ ಕಲಸಿದರೂ ಆ ನೀಲಿ ಬರಲಿಲ್ಲ. ಯಾವ ಡಬ್ಬಿಗಳ ತಳ ಕೆರೆದಿದ್ದನೋ ಅವನಿಗೇ ನೆನಪಿರಲಿಲ್ಲ. “ಬಣ್ಣ ಸಿಕ್ಕೋಗಂಟ ಇದು ಇಲ್ಲೇ ಇರ್ಲಿ” ಎಂದು ಶಿವಣ್ಣ ಕಾರ್ಡನ್ನು ಲಾರಿಯೊಳಗೆ ದೇವರ ಪಟದ ಪಕ್ಕ ಅಂಟಿಸಿಕೊಂಡ.

ತಿಂಗಳ ನಂತರ ಆ ಲಾರಿ ಅಂಗಡಿಯ ಮುಂದೆ ನಿಂತಿತು. ಇಸಾಕ ಇಣುಕಿದ. ಕಾರ್ಡು ತಲೆಕೆಳಗಾಗಿತ್ತು. ಏನೂ ಅಲ್ಲದ್ದಕ್ಕೆ ತಲೆ ಯಾವುದು, ಕಾಲು ಯಾವುದು ಎಂದು ಸಮಾಧಾನ ಹೇಳಿಕೊಂಡ. ಆಗಲಿಲ್ಲ. ಲಾರಿ ಹತ್ತಿ ಕಾರ್ಡನ್ನು ಕಿತ್ತು, ಸರಿಯಾಗಿ ಅಂಟಿಸಿದ.

ಟೀ ಕುಡಿದು ಬಂದ ಶಿವಣ್ಣ ನೋಡಿಬಿಟ್ಟ. “ನೀನೇ ಏನೂ ಅಲ್ಲ ಅಂತಿದ್ದೆ. ಮತ್ತೆ ಏನ್ಲಾ ಅದು?”

ಈ ಸಲ ಇಸಾಕ ನಗಲಿಲ್ಲ. “ನಂದು ಕಣ್ಲಾ” ಎಂದ.