ನಾಲ್ವರಲ್ಲಿ ಉಳಿದ ಕಾಕಾ

ಬೆಳಿಗ್ಗೆ ಎದ್ದವರೇ ಕಾಕಾ ಬಲಗೈ ತೋರುಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ಬಾಲ್ಕನಿಯ ಕಂಬಿಯಾಚೆ ಚಾಚುತ್ತಿದ್ದರು. ಆ ಬೆರಳಿನ ತುದಿ ಸ್ವಲ್ಪ ಎಡಕ್ಕೆ ವಾಲಿತ್ತು. ಚಿಕ್ಕಂದಿನಲ್ಲಿ ಸೈಕಲ್ ಚೈನಿಗೆ ಸಿಕ್ಕಿತ್ತಂತೆ. ಬೆರಳಿನ ಯಾವ ಬದಿ ತಣ್ಣಗಾಯಿತೋ ಆ ಕಡೆಯ ಆಕಾಶವನ್ನು ಒಂದು ಸಲ ನೋಡಿ, ಕೆಳಗಿನ ಮನೆಯ ನನಗೆ ಕೂಗಿ ಹೇಳೋರು: "ತಂಗೀ, ಛತ್ರಿ ತಗೊಂಡು ಹೋಗವಾ. ಮಧ್ಯಾಹ್ನದ ಮ್ಯಾಲ ಬರ್ತದ." ನಾನು ಛತ್ರಿ ಹೊತ್ತುಕೊಂಡು ಹೋದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಅವರ ಮಾತು ಕೇಳದೆ ಹೋದ ದಿನ ತೊಪ್ಪೆಯಾಗಿ ಬರುತ್ತಿದ್ದೆ. ಜೀವನವೆಲ್ಲ ಹವಾಮಾನದ ಕೆಲಸದಲ್ಲೇ ಕಳೆದವರು ನೀವು, ಇದೇನು ಕಾಕಾ ಅಂತ ಛೇಡಿಸಿದರೆ, "ಯಂತ್ರಾ ನೋಡಿ ಹೇಳೂದು ಆಫೀಸಿಂದು, ಬೆರಳು ನೋಡಿ ಹೇಳೂದು ನಂದು. ನಂದು ತಪ್ಪಲಿಕ್ಕೇ ಅದ" ಅನ್ನೋರು.

ಕಾಕಾ ಧಾರವಾಡದವರು. ಕೇಂದ್ರ ಸರ್ಕಾರದ ನೌಕರಿ ಹಿಡಿದು ಕೋಲ್ಕತ್ತಾಕ್ಕೆ ಬಂದು, ಇಲ್ಲೇ ನಿವೃತ್ತರಾಗಿ, ಜಾದವ್‌ಪುರದ ನಮ್ಮ ಗಲ್ಲಿಯಲ್ಲಿ ನೆಲೆ ನಿಂತಿದ್ದರು. ನಾನು ಮೈಸೂರಿನಿಂದ ಸಂಶೋಧನೆಗೆಂದು ಬಂದವಳು. ಮೊದಲ ಬೇಸಿಗೆಯಲ್ಲಿ ಒಂದು ಸಂಜೆ ಕಾಲ್‌ಬೈಶಾಖಿ ಬಿರುಗಾಳಿ ಎದ್ದು, ಕಿಟಕಿಗಳೆಲ್ಲ ಬಡಿದುಕೊಂಡು, ಕರೆಂಟ್ ಹೋಯಿತು ನೋಡಿ, ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತುಬಿಟ್ಟೆ. ನಾಳೆಯೇ ಊರಿಗೆ ಹೊರಟೆ ಅಂತ ಪೆಟ್ಟಿಗೆ ಬೇರೆ ಕಟ್ಟಿಟ್ಟಿದ್ದೆ. ಮೇಲಿಂದ ಟಾರ್ಚ್ ಹಿಡಿದು ಇಳಿದು ಬಂದ ಕಾಕಾ, "ಇದಕ್ಕ ಅಳ್ತಾರೇನವಾ? ಮಳಿ ಬಾಗಲಾ ಬಡದು ಬರ್ಲೇನು ಅಂತ ಕೇಳಾಕತ್ತದ, ಅಷ್ಟ. ಬಾ, ಬಿಸಿ ರೊಟ್ಟಿ ತಿನ್ನು. ನಾಳೆ ಹೋಗೂವಂತಿ" ಅಂದರು. ಕಾಕಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. ಆ ನಾಳೆ ಇನ್ನೂ ಬಂದಿಲ್ಲ. ಓದು ಮುಗಿಸಿ, ಇಲ್ಲೇ ಪಾಠ ಹೇಳುತ್ತಾ ಉಳಿದುಬಿಟ್ಟೆ.

ಕಾಕಾ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆದರೆ ನೀವು ಕೇಳಿರುವ ಹೆಸರೇ ಅದು. ಅವರ ಅಜ್ಜ ಬೇಗ ತೀರಿಕೊಂಡಿದ್ದರಂತೆ. ಆ ಅಜ್ಜನ ನಾಲ್ಕು ಗಂಡುಮಕ್ಕಳೂ ತಮ್ಮತಮ್ಮ ಹಿರಿಮಗನಿಗೆ ಅಪ್ಪನ ಹೆಸರನ್ನೇ ಇಟ್ಟರು. ಹೆಸರೂ ಅದೇ, ಅಡ್ಡಹೆಸರೂ ಅದೇ. ಆ ನಾಲ್ವರಲ್ಲಿ ಒಬ್ಬರು ಹೃದಯದ ದೊಡ್ಡ ಸರ್ಜನ್ ಆದರು, ಒಬ್ಬರು ದೊಡ್ಡ ಗವಾಯಿ ಆದರು, ಇನ್ನೊಬ್ಬರು ಟೀವಿಯಲ್ಲಿ ಕಾಣಿಸುವ ಕ್ರಿಕೆಟ್ ಅಂಪೈರ್ ಆದರು. ನಾಲ್ಕನೆಯವರು ನಮ್ಮ ಕಾಕಾ. "ನಮ್ಮಜ್ಜ ಭಾಳ ಘಾಟಿ ಮನಷ್ಯಾ ತಂಗೀ. ಒಂದ ಹೆಸರಿನ್ಯಾಗ ಮಂದಿ ಎದಿ ಕೊಯ್ದಾನ, ಹಾಡ್ಯಾನ, ಔಟ್ ಕೊಟ್ಟಾನ, ಮಳಿ ಬರ್ತದ ಅಂತ ಸುಳ್ಳೂ ಹೇಳ್ಯಾನ" ಅಂತ ಹೊಟ್ಟೆ ಕುಲುಕಿಸಿ ನಗೋರು.

ಹೆಸರು ಹೇಳಿದಲ್ಲೆಲ್ಲ "ನೀವೇನಾ ಅವರು?" ಅನ್ನುವ ಪ್ರಶ್ನೆ ತಪ್ಪುತ್ತಿರಲಿಲ್ಲ. ಒಂದು ಸಲ ದುರ್ಗಾಪೂಜೆಯ ಪೆಂಡಾಲಿನಲ್ಲಿ ಅವರನ್ನು ಗವಾಯಿ ಅಂದುಕೊಂಡು ಮುಂದಿನ ಕುರ್ಚಿಯಲ್ಲಿ ಕೂರಿಸಿ ಕೈಗೆ ಮೈಕು ಕೊಟ್ಟರು. ಕಾಕಾ ಎದ್ದು ನಿಂತು, ಅಚ್ಚ ಬಂಗಾಳಿಯಲ್ಲಿ, ನಾನು ಅವರಲ್ಲ, ಉಳಿದವನು ಅಂತ ಹೇಳಿ, ಅಷ್ಟಮಿಯ ದಿನ ಮಳೆ ಇಲ್ಲ ಅಂತ ಭರವಸೆ ಕೊಟ್ಟು ಕೂತರು. ಕನ್ನಡದವರು ಸಿಕ್ಕರೂ ಅದೇ ಉತ್ತರ: "ಅವರಲ್ಲರೀ. ನಾ ಉಳದಾಂವ." ಅಷ್ಟಮಿಯ ದಿನ ಪೆಂಡಾಲು ಸೋರಿತು ಅಂತ ಬೇರೆ ಹೇಳಬೇಕೇ?

ವಿಚಿತ್ರ ಏನೆಂದರೆ, ಲೋಕಕ್ಕೆಲ್ಲ ಗೊತ್ತಿದ್ದ ಆ ಹೆಸರಿನಿಂದ ಮನೆಯಲ್ಲಿ ಒಬ್ಬರೂ ಅವರನ್ನು ಕರೆದಿರಲಿಲ್ಲ. ಗಂಡನ ಹೆಸರನ್ನೂ ಮಾವನ ಹೆಸರನ್ನೂ ಹೆಂಗಸರು ಬಾಯಲ್ಲಿ ಆಡಬಾರದು ಅನ್ನುವ ಮನೆತನ ಅದು. ಅಜ್ಜಿಗೆ ಅದು ಗಂಡನ ಹೆಸರು, ಸೊಸೆಯರಿಗೆ ಮಾವನ ಹೆಸರು. ಹಾಗಾಗಿ ಮೊಮ್ಮಕ್ಕಳು ಬಾಳ್ಯಾ, ಅಪ್ಪು, ಪುಟ್ಯಾ ಅಂತಲೇ ಬೆಳೆದರು. ಮದುವೆಯಲ್ಲಿ ಮಾತ್ರ ಹೊಸ ಮದುಮಗಳು ಒಡಪು ಕಟ್ಟಿ, ಪ್ರಾಸದ ಕೊನೆಯಲ್ಲಿ ಗಂಡನ ಹೆಸರು ಹೇಳಬಹುದು. ಕಾಕಿ ಹುಡುಗಿಯಾಗಿದ್ದಾಗ ತಾವೇ ಒಂದು ಒಡಪು ಕಟ್ಟಿ ಬಾಯಿಪಾಠ ಮಾಡಿಕೊಂಡು ಮಂಟಪಕ್ಕೆ ಬಂದಿದ್ದರು. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕೈ ಅಡ್ಡ ಹಿಡಿದರು: "ನನ್ನ ಮುಂದ ಅವರ ಹೆಸರು ಹಿಡೀತೀಯೇನ? ಸಾಕು ಮಾಡು." ಕಾಕಿ ಇದನ್ನು ನಗುತ್ತಲೇ ಹೇಳುತ್ತಿದ್ದರು. "ಆ ಒಡಪು ಹೊಟ್ಟ್ಯಾಗ ಉಳದದ ನೋಡವಾ. ಅದಕ್ಕ ಹೊಟ್ಟಿ ಹಿಂಗ ಬೆಳದದ."

ನಗುತ್ತಿದ್ದ ಮನೆಗೆ ಯಾರ ಕಣ್ಣು ಬಿತ್ತೋ ಕಾಣೆ. ಒಂದು ಬೆಳಿಗ್ಗೆ ಕಾಕಾ ಬಾಲ್ಕನಿಗೆ ಬಂದು ಬೆರಳನ್ನು ನಾಲಿಗೆಗೆ ಒತ್ತಲಿಲ್ಲ. ಒಣ ಬೆರಳನ್ನೇ ನೆಟ್ಟಗೆ ಮೇಲೆತ್ತಿ, ಕೆಳಗೆ ಬುಟ್ಟಿ ಇಳಿಸುತ್ತಿದ್ದ ಮೀನಿನವನಿಗೆ "ಔಟ್!" ಅಂದರು. ಮೀನಿನವನು ನಕ್ಕ, ಗಲ್ಲಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮರುವಾರ ಹಾಡಲು ಶುರುಮಾಡಿದರು. ಆಮೇಲೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು, ಒದ್ದೆ ಕೈ ಎತ್ತಿಕೊಂಡು, "ಪೇಶಂಟ್ ಎಲ್ಲಿ?" ಅಂತ ಕೋಣೆಯಿಂದ ಕೋಣೆಗೆ ಓಡಾಡತೊಡಗಿದರು. ಆಗ ಯಾರಿಗೂ ನಗು ಬರಲಿಲ್ಲ. ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ ಅಂದರು ವೈದ್ಯರು. ಹೆಸರು ಮಾತ್ರ ಕಾಕಾ ಮರೆಯಲಿಲ್ಲ. ಯಾರು ಕೇಳಿದರೂ ಠಣ್ ಅಂತ ಹೇಳುತ್ತಿದ್ದರು. ಆ ಹೆಸರಿನ ನಾಲ್ವರಲ್ಲಿ ತಾವು ಯಾರು ಅನ್ನೋದು ಅಳಿಸಿಹೋಗಿತ್ತು.

ಒಂದು ಶನಿವಾರ ಕಾಕಿ ದೇವರಿಗೆ ದೀಪ ಹಚ್ಚಿ ಬರುವಷ್ಟರಲ್ಲಿ ಕಾಕಾ ಮನೆಯಲ್ಲಿರಲಿಲ್ಲ. ಗಲ್ಲಿ, ಮಾರುಕಟ್ಟೆ, ಸ್ಟೇಷನ್ನು ಎಲ್ಲ ಹುಡುಕಿ ಪೊಲೀಸ್ ಠಾಣೆಗೆ ಓಡಿದೆವು. ಅಧಿಕಾರಿ ಹಿಂದಿಯಲ್ಲಿ ಕೇಳಿದರು, ಗಂಡನ ಹೆಸರೇನು? ಕಾಕಿ ಬಾಯಿ ತೆರೆದರು, ಮುಚ್ಚಿದರು. ಅಧಿಕಾರಿ ಇನ್ನೊಮ್ಮೆ ಕೇಳಿದರು. ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಮುಖ ನೋಡಿದರು. ಅಯ್ಯೋ, ಗಂಡ ಕಾಣೆಯಾಗಿ ಜೀವ ಬಾಯಿಗೆ ಬಂದಿರುವಾಗಲೂ ಆ ಹೆಣ್ಣಿಗೆ ಹೆಸರು ಹೊರಡಲಿಲ್ಲವಲ್ಲ! ನಾನು ಹೇಳಿದೆ. ಅಧಿಕಾರಿ ಆ ಹೆಸರನ್ನು ಫೋನಿನಲ್ಲಿ ಹುಡುಕಿ ನಮ್ಮ ಕಡೆ ತಿರುಗಿಸಿ, "ಇವರಲ್ಲಿ ಯಾರು?" ಅಂದರು. ಸರ್ಜನ್, ಗವಾಯಿ, ಅಂಪೈರ್, ಮೂವರ ಮುಖಗಳೂ ಅಲ್ಲಿದ್ದವು. ಕಾಕಿ ಒಂದೊಂದನ್ನೂ ನೋಡಿದರು. "ಯಾರೂ ಅಲ್ಲರೀ" ಅಂತ ಕನ್ನಡದಲ್ಲೇ ಹೇಳಿ ಬಿಕ್ಕಿದರು.

ಸಂಜೆಯ ಹೊತ್ತಿಗೆ ಕಾಳಿಘಾಟ್‌ನಿಂದ ಸುದ್ದಿ ಬಂತು. ನಿಮ್ಮ ಭಾಷೆ ಆಡುವ ಯಾತ್ರಿಕರ ಜೊತೆ ಧರ್ಮಶಾಲೆಯಲ್ಲಿ ಒಬ್ಬ ಮುದುಕರಿದ್ದಾರೆ ಅಂತ. ಹೋಗಿ ನೋಡಿದರೆ ಹಾವೇರಿ ಕಡೆಯ ಜನ ಕಾಕಾನನ್ನು ಮಧ್ಯೆ ಕೂರಿಸಿಕೊಂಡು ಒಬ್ಬೊಬ್ಬರೇ ಎದೆ, ಬೆನ್ನು ತೋರಿಸುತ್ತಿದ್ದಾರೆ! ಕಿವಿಗೆ ಕನ್ನಡ ಬಿದ್ದದ್ದೇ ಕಾಕಾ ಅವರ ಹಿಂದೆ ಹೋಗಿ ಹೆಸರು ಹೇಳಿದ್ದಾರೆ. ಅವರು ಫೋನ್ ನೋಡಿ ಕೈಮುಗಿದಿದ್ದಾರೆ. "ಫೋಟೋದಾಗ ಸ್ವಲ್ಪ ದಪ್ಪ ಅದಾರ್ರೀ" ಅಂದ ಅವರ ಮುಖಂಡ. "ಇಂಥಾ ದೊಡ್ಡ ಡಾಕ್ಟರು ನಮಗೆಲ್ಲಿ ಸಿಗಬೇಕು? ತಾಯೀನ ಕಳಸ್ಯಾಳ." ಪಕ್ಕದಲ್ಲಿ ಒಬ್ಬ ಅಜ್ಜಿ ತನ್ನ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಹಿಡಿಯಷ್ಟು ಕಿತ್ತು ಎಲೆಯ ಮೇಲೆ ಸುರಿದಿದ್ದಳು. ಇವೆಲ್ಲ ಬಿಟ್ಟುಬಿಡ್ರಿ, ನಾ ನಾಳೆ ಆಪರೇಷನ್ ಮಾಡ್ತೀನಿ ಅಂದಿದ್ದರಂತೆ ಕಾಕಾ.

ಕಾಕಿ ಅಷ್ಟು ಜನರ ನಡುವೆ ನಿಂತು ಹೇಳಿದರು: "ಇವರು ಡಾಕ್ಟರ್ ಅಲ್ಲರೀ. ತಪ್ಪು ತಿಳೀಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ. ಅಮ್ಮಾ, ಗುಳಗಿ ಬಿಡಬ್ಯಾಡ್ರಿ." ಕಾಕಾ ತಲೆ ಎತ್ತಿ ಅವರನ್ನು ದಿಟ್ಟಿಸಿದರು. "ಈಕಿ ಯಾರು?" ಅಂತ ನನ್ನನ್ನು ಕೇಳಿದರು. "ನರ್ಸ್ ಏನು?"

ಅವತ್ತಿನಿಂದ ಬಾಗಿಲಿಗೆ ಒಳಗಿನಿಂದ ಬೀಗ. ಕಾಕಾ ಬಾಗಿಲು ಗುದ್ದುವ ಸದ್ದು ಕೆಳಗೆ ನನ್ನ ಅಡುಗೆಮನೆಯವರೆಗೂ ಬರುತ್ತಿತ್ತು. "ಥೇಟರಿನ್ಯಾಗ ಪೇಶಂಟ್ ಮಲಗ್ಯಾನ, ಬಿಡ್ರೋ!" ಅನ್ನೋರು. ತಮ್ಮ ಗುಳಿಗೆ ಕೊಟ್ಟರೆ, ಇದು ಬೇರೆ ಪೇಶಂಟಿಂದು ಅಂತ ಉಗುಳುತ್ತಿದ್ದರು. ಸಾಲ್ಟ್ ಲೇಕಿನಲ್ಲಿ ಇಂಥವರನ್ನು ನೋಡಿಕೊಳ್ಳುವ ಮನೆ ಇದೆಯಂತೆ ಕಾಕಿ ಅಂತ ನಾನೊಮ್ಮೆ ಬಾಯಿಬಿಟ್ಟೆ. ಕಾಕಿ ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದರು. "ಅಲ್ಲಿ ಒಯ್ದು ಯಾವ ಹೆಸರಿನಾಗ ಬಿಡ್ಲಿ? ಡಾಕ್ಟರ ಅಂತೋ, ಗವಾಯಿ ಅಂತೋ? ಸಾವು ಬರೂದಾದ್ರ ಬರ್ಲಿ ತಂಗೀ, ಅದಕ್ಕ ನಾ ಅಂಜೂದಿಲ್ಲ. ಆದ್ರ ಒಂದ ಒಂದು ಸಲ ಅವರಿಗೆ ತಾವು ಯಾರಂತ ತಿಳದು ಹೋಗ್ಲಿ. ಇಲ್ಲಾಂದ್ರ ನಾ ಯಾರ ಹೆಂಡ್ತಿ ಅಂತ ಅಳಲಿ?"

ಚೈತ್ರದಲ್ಲಿ ಕಾಕಾಗೆ ನ್ಯುಮೋನಿಯಾ ಹಿಡಿಯಿತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದರು. ಒಂದು ಮಧ್ಯಾಹ್ನ ಗಂಜಿ ಹಿಡಿದು ಮೇಲೆ ಹೋದರೆ ಕಾಕಿ ತಲೆಗೆ ನೀರು ಹಾಕಿಕೊಂಡು, ಹಸಿರು ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು. "ಬಾಗಲಾ ಹಾಕವಾ" ಅಂದರು. "ನಮ್ಮ ಅಜ್ಜಿ ಅತ್ತಿ ಮ್ಯಾಲಿಂದ ಬೈದ್ರ ಬೈಲಿ." ಗಂಟಲು ಸರಿಮಾಡಿಕೊಂಡು, ಮಂಟಪದಲ್ಲಿ ನಿಂತ ಹುಡುಗಿಯ ಹಾಗೆ ತಲೆ ತಗ್ಗಿಸಿ, ಹೇಳಿದರು:

"ಗುಡ್ಡದ ಮ್ಯಾಲ ಮೋಡ ಕಟ್ಟಿ ಗುಡುಗತಾವ ಜೋರು,
ಮಳಿ ಬರೂದ ಮೊದಲ ಹೇಳೂ ಜಾಣರು ಯಾರು?
ಮತ್ಯಾರು..."

ಒಂದು ಉಸಿರು ನಿಂತು, ಹೆಸರು ಹೇಳಿದರು. ನಾನು ಠಾಣೆಯಲ್ಲಿ ಹೇಳಿದ್ದ ಹೆಸರೇ. ಆದರೆ ಅದು ಹಾಗೆ ಕೇಳಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕಾಕಾ ಕಣ್ಣು ತೆರೆದರು. ಕಾಕಿ ಅವರ ಕಿವಿಯ ಹತ್ತಿರ ಬಗ್ಗಿ ಇನ್ನೊಮ್ಮೆ ಕರೆದರು, ಈ ಸಲ ಒಡಪಿಲ್ಲದೆ, ಬರೀ ಹೆಸರು. ಹೊದಿಕೆಯೊಳಗಿಂದ ಕಾಕಾನ ಬಲಗೈ ಹೊರಗೆ ಬಂತು. ಆ ವಾಲಿದ ಬೆರಳು ಮೆಲ್ಲಗೆ ಮೇಲೆದ್ದಿತು. ಔಟ್ ಅನ್ನದಿರಲಪ್ಪಾ ದೇವರೇ, ಇವತ್ತೊಂದು ದಿನ ಅಂಪೈರ್ ಆಗದಿರಲಿ ಅಂತ ನಾನು ಗಂಜಿ ಲೋಟ ಬಿಗಿಹಿಡಿದು ನಿಂತೆ. ಬೆರಳು ಬಾಯಿಯ ಕಡೆ ತಿರುಗಿತು, ಒಣಗಿದ ನಾಲಿಗೆಗೆ ಒತ್ತಿತು. ಆಮೇಲೆ ಕಿಟಕಿಯ ಕಡೆ ಚಾಚಿತು.

"ದಕ್ಷಿಣದ ಗಾಳಿ" ಅಂದರು ಕಾಕಾ. ಕಾಕಿಯ ಮುಖ ನೋಡಿದರು. "ಒಣಗಹಾಕಿದ ಅರವಿ ಒಳಗ ತಗೋ. ಮಳಿ ಬರ್ತದ."

"ಬರ್ತದರೀ, ಬರ್ತದ" ಅಂತ ಕಾಕಿ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡರು. ನಾನು ಬಾಲ್ಕನಿಗೆ ಹೋಗಿ, ಉರಿಯುವ ಬಿಸಿಲಿನಲ್ಲಿ ಒಂದೊಂದೇ ಬಟ್ಟೆ ತೆಗೆದು ಒಳಗೆ ತಂದೆ. ಮಳೆ ಬರಲಿಲ್ಲ. ಅವತ್ತೂ ಇಲ್ಲ, ಮರುದಿನ ಬೆಳಿಗ್ಗೆ ಕಾಕಾ ಹೋದಾಗಲೂ ಇಲ್ಲ.

ಸರ್ಜನ್ ಅಣ್ಣ ವಿಮಾನದಲ್ಲಿ ಬಂದರು. ಗಲ್ಲಿಯ ಜನ ಬಾಗಿಲಲ್ಲಿ ನಿಂತು, ಇವರೇ ಅವರು ಅಂತ ಪಿಸುಗುಟ್ಟುತ್ತಿದ್ದರು. ಅವರು ಯಾರನ್ನೂ ನೋಡದೆ ನನ್ನನ್ನು ಕೇಳಿದರು, "ಕಡೀಕ ಏನರೆ ಮಾತಾಡಿದನೇನವಾ?" ನಾನು ಒಡಪಿನಿಂದ ಹಿಡಿದು ಬಟ್ಟೆ ಒಳಗೆ ತಂದದ್ದರವರೆಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೆಸರು ಹಿಡದು ಕರದ್ರು?"

"ಹೌದು."

"ನಮ್ಮಾಕಿ ಸಾಯೂ ಮುಂದೂ 'ಇಕಾ, ಕೇಳ್ರಿ' ಅಂದಳವಾ. ಅಷ್ಟ." ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಅಂವಾ ಎಲ್ಲಾರ ಮುಂದ ನಾ ಉಳದಾಂವ, ಉಳದಾಂವ ಅಂತಿದ್ದ. ಈಗ ನೋಡಿದ್ರ ಉಳದಾವರು ನಾವು ಮೂವರು."

ಹೆಸರು ಬರೆದರೆ ನೀವು ಫೋನ್ ತೆಗೆದು ಹುಡುಕುತ್ತೀರಿ. ಮೂರು ಮುಖ ಬರುತ್ತವೆ, ಕಾಕಾ ಬರುವುದಿಲ್ಲ. ಅದಕ್ಕೇ ಬರೆಯಲಿಲ್ಲ. ಈಗ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಕಾಕಿ ಬಾಲ್ಕನಿಗೆ ಬರುತ್ತಾರೆ. ಆಕಾಶ ನೋಡಿ, ಗಲ್ಲಿಗೆಲ್ಲ ಕೇಳುವ ಹಾಗೆ ಆ ಹೆಸರು ಹಿಡಿದು ಕೂಗಿ, "ಎಲ್ಲದರೀ ನಿಮ್ಮ ಮಳಿ?" ಅಂತ ಜಗಳ ತೆಗೆಯುತ್ತಾರೆ. ನಾನು ಒಳಗೆ ಹೋಗಿ ಛತ್ರಿ ತಗೊಂಡು ಬರುತ್ತೇನೆ.